6–7 ಜನರ ಪ್ರವಾಸಕ್ಕೆ ಎಂಪಿವಿ ತಗೊಳ್ಳೋದಾ, ದೊಡ್ಡ ಎಸ್‌ಯುವಿ ತಗೊಳ್ಳೋದಾ?

ಕರಾವಳಿ ದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿದ್ದೀವಿ. ಮನೇಲಿ 6 ಜನ: ನಾವಿಬ್ಬರು, 9 ಮತ್ತು 3 ವರ್ಷದ ಮಕ್ಕಳು, ಅಪ್ಪ, ಅಮ್ಮ. ಅಮ್ಮನಿಗೆ ಮಂಡಿನೋವು. ತಂಗಿ ಜೊತೆಗೆ ಬಂದರೆ 7 ಆಗ್ತೀವಿ. ಶಿರಾಡಿ ಘಾಟಿ ಇಳಿದು ಕುಂದಾಪುರಕ್ಕೆ ಹೋಗಿಬರೋದು ಮಾಮೂಲಿ, ಶಿರಾಡಿ ಬಂದ್ ಆದರೆ ಚಾರ್ಮಾಡಿ ಇಲ್ಲವೇ ಸಂಪಾಜೆ. ರಜೆಯಲ್ಲಿ ಮಲೆನಾಡಿನ ಹೋಂಸ್ಟೇಗಳು. ಅಲ್ಲಿ ಕೊನೆಯ 2–3 ಕಿ.ಮೀ. ಮಣ್ಣು ರಸ್ತೆ ಇರುತ್ತೆ.

ಬಜೆಟ್ ಆನ್‌ರೋಡ್ 35 ಲಕ್ಷ. ಇನ್ನೋವಾ ಹೈಕ್ರಾಸ್ (ಎಂಪಿವಿ, ಅಂದರೆ ಒಳಗಿನ ಜಾಗಕ್ಕೆ ಒತ್ತು ಕೊಟ್ಟ ಮನೆಮಂದಿ ಗಾಡಿ), ಎಕ್ಸ್‌ಯುವಿ 700, ಸಫಾರಿ (ಎರಡೂ ಎತ್ತರದ ಎಸ್‌ಯುವಿ) ಮೂರನ್ನೂ ಶೋರೂಮಲ್ಲಿ ನೋಡಿ ಆಯ್ತು. ಒಬ್ಬರು ಘಾಟಿಗೆ ಎಸ್‌ಯುವಿನೇ ಬೇಕು ಅಂತಾರೆ, ಇನ್ನೊಬ್ಬರು ಮನೆಮಂದಿಗೆ ಇನ್ನೋವಾ ಬಿಟ್ಟು ಬೇರೆ ಯೋಚನೆ ಬೇಡ ಅಂತಾರೆ. ಯಾಕೆ ಅಂತ ಬಿಡಿಸಿ ಹೇಳೋರು ಬೇಕು.

ಮೂರನೇ ಸಾಲು

ಎಂಪಿವಿ, ಎಸ್‌ಯುವಿ ಅನ್ನೋ ಹೆಸರನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೂರನೇ ಸಾಲಲ್ಲಿ ಯಾರು ಕೂರ್ತಾರೆ, ಎಷ್ಟು ಹೊತ್ತು ಕೂರ್ತಾರೆ, ಅವರು ಕೂತ ಮೇಲೆ ಲಗೇಜಿಗೆ ಎಲ್ಲಿ ಜಾಗ? ನಿಮ್ಮ ಮನೆಗೆ ಗಾಡಿ ಆಗುತ್ತೋ ಇಲ್ಲವೋ ಅನ್ನೋದು ಇದರ ಮೇಲೆ ನಿಂತಿದೆ. ಮೂರನೇ ಸಾಲು ಹಬ್ಬಕ್ಕೋ ಮದುವೆಗೋ ಮಾತ್ರ ತೆರೆಯೋ ಮನೆಗೆ ಎಸ್‌ಯುವಿ ಧಾರಾಳ ಸಾಕು. ನಿಮ್ಮಲ್ಲಿ ಪ್ರತಿ ಸಲವೂ 6 ಜನ, 7–8 ಗಂಟೆ ದಾರಿ. ಹಾಗಾಗಿ ನನ್ನ ಮತ ಎಂಪಿವಿಗೆ.

ಹಿಂದಿನ ಸೀಟಲ್ಲಿ ಕೂತವರಿಗೆ ನೋವು ಬರೋದು ಮಂಡಿ ಮುಂದಿನ ಸೀಟಿಗೆ ತಾಗೋದರಿಂದ ಮಾತ್ರ ಅಲ್ಲ. ಮೂರನೇ ಸಾಲಿನ ಕೆಳಗೆ ಹಿಂದಿನ ಆಕ್ಸಲ್, ಸೈಲೆನ್ಸರ್, ಸ್ಟೆಪ್ನಿ ಎಲ್ಲ ಇರುತ್ತೆ, ಅದಕ್ಕೆ ನೆಲ ಎತ್ತರ. ತಲೆ ಚಾವಣಿಗೆ ತಾಗಬಾರದು ಅಂತ ಸೀಟನ್ನು ತಗ್ಗಿಸಿರ್ತಾರೆ. ಆಗ ಮಂಡಿ ಮೇಲಕ್ಕೇಳುತ್ತೆ, ತೊಡೆ ಸೀಟಿಂದ ಬಿಟ್ಟುಕೊಳ್ಳುತ್ತೆ, ಮೈಭಾರ ಪೂರ್ತಿ ಸೊಂಟದ ಮೇಲೆ ಬೀಳುತ್ತೆ. ಶೋರೂಮಲ್ಲಿ ಎರಡು ನಿಮಿಷ ಕೂತರೆ ಇದು ಗೊತ್ತಾಗಲ್ಲ. ಸೀಟಿನ ಮೇಲೆ ಕೂತು ತೊಡೆಯ ಕೆಳಗೆ ಅಂಗೈ ತೂರಿಸಿ ನೋಡಿ. ಕೈ ಸಲೀಸಾಗಿ ಮಂಡಿಯಿಂದ ಅರ್ಧ ತೊಡೆವರೆಗೂ ಹೋದರೆ ಆ ಸೀಟು ಹಾಸನದವರೆಗೆ ಪರವಾಗಿಲ್ಲ, ಕುಂದಾಪುರದವರೆಗೆ ಕಷ್ಟ. ಹೈಕ್ರಾಸ್‌ನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರದ ನಡುವಿನ ದೂರ) 2850 ಮಿ.ಮೀ., ಎಕ್ಸ್‌ಯುವಿ 700ರದ್ದು 2750, ಸಫಾರಿಯದ್ದು 2741. ಆ 100 ಮಿ.ಮೀ. ಹೆಚ್ಚುಕಮ್ಮಿ ಪೂರ್ತಿ ಹಿಂದಿನವರ ಕಾಲಿಗೇ ಸಿಗುತ್ತೆ.

ಇನ್ನು ಡಿಕ್ಕಿ. ಎಲ್ಲ ಸೀಟು ಎತ್ತಿಟ್ಟಾಗ ಹೈಕ್ರಾಸ್‌ನಲ್ಲಿ ಕಂಪನಿ ಲೆಕ್ಕದ 300 ಲೀಟರ್ ಸಿಗುತ್ತೆ, ಸಫಾರಿಯಲ್ಲಿ 100 ಲೀಟರ್ ಕೂಡ ಇಲ್ಲ. ಕ್ಯಾಬಿನ್ ಅಳತೆಯ ಟ್ರಾಲಿ ಬ್ಯಾಗು 55×35×23 ಸೆಂ.ಮೀ., ಅಂದರೆ ಸುಮಾರು 44 ಲೀಟರ್. 24 ಇಂಚಿನದು 70–80 ಲೀಟರ್ ನುಂಗುತ್ತೆ. ಸೀಟಿನ ಬೆನ್ನು ಓರೆ ಇರೋದರಿಂದ 300 ಲೀಟರಿಗೆ ವಾಸ್ತವವಾಗಿ ಎರಡು ದೊಡ್ಡ ಬ್ಯಾಗು, ಮೇಲೆ ಎರಡು ಮೆತ್ತನೆ ಚೀಲ, ಅಷ್ಟೇ. ಊರಿಂದ ಬರುವಾಗ ತೆಂಗಿನಕಾಯಿ ಚೀಲ, ಅಕ್ಕಿ ಸೇರಿದರೆ ಅದೂ ಸಾಲದು.

ಹೆಚ್ಚಿನವರು ಎಡವೋದು ಇಲ್ಲೇ. 6 ಜನರಿಗೆ ಕ್ಯಾಪ್ಟನ್ ಸೀಟು (ನಡುಸಾಲಲ್ಲಿ ಬಿಡಿಬಿಡಿಯಾದ ಎರಡು ಸೀಟು) ತಗೊಳ್ಳಬೇಡಿ. ಕ್ಯಾಪ್ಟನ್ ಸೀಟಲ್ಲಿ ಲೆಕ್ಕ 2+2+2, ಹಿಂದಿನ ಎರಡೂ ಕಡೆ ಜನ ಕೂರಲೇಬೇಕು, ಡಿಕ್ಕಿ ಖತಂ. ನಡುಸಾಲು ಮೂವರು ಕೂರೋ ಬೆಂಚ್ ಆದರೆ 2+3+1. ಹಿಂದೆ ಒಂದೇ ಸೀಟು ಎತ್ತಿ, ಇನ್ನೊಂದರ್ಧ ಮಡಚಿದರೆ ಚಾವಣಿವರೆಗೂ ಲಗೇಜು ಹಿಡಿಯುತ್ತೆ. ಹೈಕ್ರಾಸ್‌ನಲ್ಲಿ ಜಿಎಕ್ಸ್, ವಿಎಕ್ಸ್ ಮಾಡಲ್‌ಗಳಿಗೆ 8 ಸೀಟಿನ ಆಯ್ಕೆ ಇದೆ; ಮೇಲಿನ ಝಡ್‌ಎಕ್ಸ್ ಕ್ಯಾಪ್ಟನ್ ಸೀಟಲ್ಲಿ ಮಾತ್ರ. ಕಾಲು ಚಾಚೋ ಆಟೊಮನ್ ಸೀಟು ಶೋರೂಮಲ್ಲಿ ಮನಸ್ಸು ಸೆಳೆಯುತ್ತೆ, ಆದರೆ ಅದನ್ನು ಚಾಚಿದರೆ ಮುಂದಿನವರೂ ಹಿಂದಿನವರೂ ಜಾಗ ಬಿಟ್ಟುಕೊಡಬೇಕು.

ಕೆಸರು ಗೇರು

ಮೇಲಿನವರು ಸೀಟಿನ ಬಗ್ಗೆ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಹೋಂಸ್ಟೇ ರಸ್ತೆ ವಿಷಯಕ್ಕೆ ಬರ್ತೇನೆ.

ಎತ್ತರ ಇದೆ ಅಂದಮಾತ್ರಕ್ಕೆ ಎಸ್‌ಯುವಿ ಕೆಸರಲ್ಲಿ ಹತ್ತುವುದಿಲ್ಲ. ಸಫಾರಿ ಮುಂದಿನ ಚಕ್ರ ಎಳೆಯುವ ಗಾಡಿ, ಅದರಲ್ಲಿ 4 ಚಕ್ರದ ಡ್ರೈವ್ ಇಲ್ಲ. ಎಕ್ಸ್‌ಯುವಿ 700 ಕೂಡ ಮುಂದಿನ ಚಕ್ರದ್ದೇ. ಮೇಲಿನ ಡೀಸೆಲ್ ಆಟೋಮ್ಯಾಟಿಕ್‌ನಲ್ಲಿ ಮಾತ್ರ ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರ ಎಳೆಯುವುದು) ಬರುತ್ತದೆ. ಹೈಕ್ರಾಸ್ ಸಹ ಮುಂದಿನ ಚಕ್ರದ್ದು. ಮಣ್ಣು ದಿಬ್ಬದಲ್ಲಿ ಸಾಮಾನ್ಯ ಎಕ್ಸ್‌ಯುವಿ, ಸಫಾರಿ, ಹೈಕ್ರಾಸ್ ಮೂರರ ಕಷ್ಟವೂ ಒಂದೇ.

ಕಷ್ಟ ಏನೆಂದರೆ, ಮೂರನೇ ಸಾಲಲ್ಲಿ ಜನ, ಅದರ ಹಿಂದೆ ಲಗೇಜು, ಅದರ ಮೇಲೆ ದಿಬ್ಬ. ಭಾರ ಪೂರ್ತಿ ಹಿಂದಕ್ಕೆ ಹೋಗಿ ಮುಂದಿನ ಚಕ್ರ ಹಗುರವಾಗುತ್ತದೆ. ಎಳೆಯಬೇಕಾದ ಚಕ್ರವೇ ಹಗುರಾದರೆ ಜಾರದೆ ಇನ್ನೇನು? ಖಾಲಿ ಗಾಡಿ ಸಲೀಸಾಗಿ ಹತ್ತಿದ ಅದೇ ದಿಬ್ಬದಲ್ಲಿ 7 ಜನ ಕೂತ ಗಾಡಿ ನಿಂತುಬಿಡುವುದು ಇದಕ್ಕೇ. ಹಿಂದಿನ ಚಕ್ರ ಎಳೆಯುವ ಇನ್ನೋವಾ ಕ್ರಿಸ್ಟಾದಲ್ಲಿ ಇದು ತಿರುವುಮುರುವು: ಜನ ತುಂಬಿದಷ್ಟೂ ಹಿಡಿತ ಹೆಚ್ಚು. ಮಲೆನಾಡಿನ ಬಾಡಿಗೆ ಡ್ರೈವರುಗಳು ಕ್ರಿಸ್ಟಾವನ್ನು ಬಿಡದಿರುವುದಕ್ಕೆ ಇದೂ ಒಂದು ಕಾರಣ.

ಚಕ್ರ ಸುಮ್ಮನೆ ತಿರುಗತೊಡಗಿದರೆ ಆಕ್ಸಿಲರೇಟರ್ ಒತ್ತಬೇಡಿ, ಗುಂಡಿ ಆಗುತ್ತದೆ ಅಷ್ಟೇ. ಮೊದಲು ಹಿಂದಿನ ಸಾಲಿನವರನ್ನು ಇಳಿಸಿ. ಡ್ಯಾಶ್‌ಬೋರ್ಡಿನ ಟ್ರ್ಯಾಕ್ಷನ್ ಕಂಟ್ರೋಲ್ ಬಟನ್ ಒತ್ತಿ ಆಫ್ ಮಾಡಿ. ಅದು ಆನ್ ಇದ್ದರೆ ಜಾರಿದ ಕೂಡಲೇ ಎಂಜಿನ್ ಶಕ್ತಿಯನ್ನೇ ಕಡಿಮೆ ಮಾಡುತ್ತದೆ. ಮುಂದಿನ ಎರಡು ಟೈರಿನ ಗಾಳಿಯನ್ನು 22–24 ಪಿಎಸ್‌ಐಗೆ ಇಳಿಸಿದರೆ ನೆಲದ ಹಿಡಿತ ಹೆಚ್ಚುತ್ತದೆ. ಡಾಂಬರು ಸಿಕ್ಕ ಮೇಲೆ ತುಂಬಿಸಲು ಪ್ಲಗ್ಗಿಗೆ ಹಾಕುವ ಸಣ್ಣ ಕಂಪ್ರೆಸರ್ ಗಾಡಿಯಲ್ಲಿ ಇರಲೇಬೇಕು. ಇಷ್ಟಕ್ಕೂ ಹತ್ತದಿದ್ದರೆ, ಕೆಳಗೆ ತಿರುಗಿಸುವಷ್ಟು ಜಾಗವಿದ್ದರೆ, ರಿವರ್ಸ್‌ನಲ್ಲಿ ಹತ್ತಿಸಿ. ಆಗ ಎಂಜಿನ್ ಇಳಿಜಾರಿನ ಕಡೆ ಬಂದು ಭಾರವೆಲ್ಲ ಎಳೆಯುವ ಚಕ್ರದ ಮೇಲೇ ಕೂರುತ್ತದೆ. ಒಬ್ಬರು ಪಕ್ಕದಲ್ಲಿ ದೂರ ನಿಂತು ದಾರಿ ತೋರಿಸಲಿ. ಗಾಡಿಯ ಹಿಂದೆ ಯಾರೂ ನಿಲ್ಲಬಾರದು.

ಎಲ್ಲದಕ್ಕಿಂತ ಸುಲಭದ್ದು, ಬುಕ್ ಮಾಡುವಾಗಲೇ ಹೋಂಸ್ಟೇಯವರಿಗೆ ಫೋನ್ ಮಾಡಿ ಕೇಳಿಬಿಡುವುದು: ಮಳೆಯಲ್ಲಿ ಕಾರು ಮನೆ ಬಾಗಿಲಿಗೆ ಬರುತ್ತದೋ, ಇಲ್ಲ ಕೆಳಗೆ ನಿಲ್ಲಿಸಿ ಅವರ ಜೀಪಿನಲ್ಲಿ ಬರಬೇಕೋ. ವರ್ಷಕ್ಕೆ ನಾಲ್ಕು ಸಲದ ಆ 2 ಕಿ.ಮೀ.ಗಾಗಿ ಉಳಿದೆಲ್ಲ ದಿನದ ಅನುಕೂಲ ಬಿಟ್ಟುಕೊಡುವುದು ಸರಿಯಲ್ಲ. ತಿಂಗಳಿಗೆರಡು ಸಲ ತೋಟಕ್ಕೆ ಹೋಗುವವರ ಮಾತು ಬೇರೆ. ಅವರು ಆಲ್ ವೀಲ್ ಡ್ರೈವೋ ಕ್ರಿಸ್ಟಾವೋ ನೋಡಲಿ.

ಹುಬ್ಬಳ್ಳಿ ಹೈವೇ

ಎಸ್‌ಯುವಿ ಪರವಾಗಿ ನಾನೂ ನಾಲ್ಕು ಮಾತು ಹೇಳ್ತೀನ್ರಿ. ಎಲ್ಲಾರೂ ಸೀಟಿನ ಲೆಕ್ಕನ ಹೇಳಾಕತ್ತೀರಿ, ಟೈರಿನ ಕಡೆ ಯಾರೂ ನೋಡವಲ್ರಿ.

ಹೈಕ್ರಾಸ್ ಝಡ್‌ಎಕ್ಸ್‌ಗೆ ಬರೋ ಟೈರು 225/50 ಆರ್18. ಸೈಡ್‌ವಾಲ್ (ಟೈರಿನ ಪಕ್ಕದ ಗೋಡಿ) ಎತ್ತರ 225ರ ಅರ್ಧ, ಅಂದ್ರ 112 ಮಿ.ಮೀ. ಎಕ್ಸ್‌ಯುವಿ 700ರ 235/65 ಆರ್17 ಟೈರಿಗೆ ಅದು 153 ಮಿ.ಮೀ. ರಾತ್ರಿ ಮಳ್ಯಾಗ ನೀರು ತುಂಬಿದ ಗುಂಡಿ ಕಾಣಂಗಿಲ್ಲ. ಜನ ತುಂಬಿದ ಗಾಡಿ 80ರಾಗ ಅದಕ್ಕ ಬಿದ್ರ ತೆಳು ಸೈಡ್‌ವಾಲ್ ರಿಮ್ಮಿಗೂ ಗುಂಡಿ ಅಂಚಿಗೂ ನಡುವ ಸಿಕ್ಕು ಒಳಗಿನ ದಾರ ಹರೀತದ, ಹೊರಗ ಗುಳ್ಳಿ ಏಳ್ತದ. ಹಂತಾ ಟೈರು ಪಂಕ್ಚರ್ ಹಾಕಿ ಓಡಿಸೋ ಹಂಗಿಲ್ಲ, ಬದಲಿ ಮಾಡಾಕ ಬೇಕು. ಎಂಪಿವಿನ ಬೇಕಂದ್ರ ದೊಡ್ಡ ಅಲಾಯ್ ಆಸೆ ಬಿಟ್ಟು 205/65 ಆರ್16 ಬರೋ ಮಾಡಲ್ ತಗೋರಿ, ಅದರಾಗ 133 ಮಿ.ಮೀ. ಅದ.

ಇನ್ನೊಂದು, ಎಕ್ಸ್‌ಯುವಿ ಡೀಸೆಲ್ ಆಟೋಮ್ಯಾಟಿಕ್‌ಗೆ 450 ಎನ್‌ಎಂ ಟಾರ್ಕ್ (ಎಳಿಯೋ ಶಕ್ತಿ) ಅದ, 60 ಲೀಟರ್ ಟ್ಯಾಂಕ್ ಅದ. ಘಾಟದಾಗ ಲಾರಿ ಹಿಂದ ಸಿಕ್ಕಿಬಿದ್ದು, ಚೂರು ರಸ್ತಾ ಖಾಲಿ ಸಿಕ್ಕಾಗ ಆ ಟಾರ್ಕಿನ ಬೆಲೆ ಗೊತ್ತಾಗ್ತದ. ತಂಗಿ ಬರೋದು ಅಪರೂಪ ಅಂದ್ರ, ಹಿಂದಿನ ಸೀಟಿಗೆ 9 ವರ್ಷದ ಹುಡುಗನ್ನ ಕೂಡಿಸಿದ್ರ ಎಕ್ಸ್‌ಯುವಿ ಸಾಕು. ಸಣ್ಣ ಕಾಲಿಗೆ ಆ ಜಾಗ ಕಡಿಮಿ ಆಗಂಗಿಲ್ಲ.

ಕರಾವಳಿ ದಾರಿ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. 9 ವರ್ಷದವನಿಗೆ ಘಾಟಿಯಲ್ಲಿ ವಾಂತಿ ಆಗುತ್ತೆ, ಅದಕ್ಕೇ ಅವನನ್ನು ಹಿಂದೆ ಕೂರಿಸೋಕೆ ಹೆದರಿಕೆ. ಚಿಕ್ಕವಳಿಗೆ ಚೈಲ್ಡ್ ಸೀಟ್ ಇದೆ. ಅಮ್ಮ ಎತ್ತರದ ಗಾಡಿ ಹತ್ತುವಾಗ ಮಂಡಿ ಹಿಡಿದುಕೊಳ್ತಾರೆ. ಯಾರನ್ನು ಎಲ್ಲಿ ಕೂರಿಸಬೇಕು?

ಸೀಟ್ ಬೆಲ್ಟ್

ಮೊದಲು ಅಮ್ಮನ ವಿಷಯ. ಒಂದು ಟೇಪು ತಗೊಂಡು ಶೋರೂಮಿಗೆ ಹೋಗಿ. ಅಮ್ಮ ನಿಂತಾಗ ನೆಲದಿಂದ ಅವರ ಪೃಷ್ಠದ ಮಟ್ಟ ಎಷ್ಟು ಅಂತ ಮನೇಲೇ ಅಳೆದಿಟ್ಟುಕೊಳ್ಳಿ, ಶೋರೂಮಲ್ಲಿ ನೆಲದಿಂದ ನಡುಸಾಲಿನ ಸೀಟಿನ ಅಂಚಿನವರೆಗೆ ಅಳೆಯಿರಿ. ಎರಡೂ ಹೆಚ್ಚುಕಮ್ಮಿ ಒಂದೇ ಆದರೆ ಹತ್ತೋದೂ ಇಲ್ಲ, ಕುಸಿಯೋದೂ ಇಲ್ಲ. ಬೆನ್ನು ತಿರುಗಿಸಿ ಸೀಟಿನ ಮೇಲೆ ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಗೊಂಡರೆ ಆಯ್ತು. ಮಂಡಿನೋವಿರೋರಿಗೆ ಒಂಟಿ ಕಾಲಿನ ಮೇಲೆ ಮೈಭಾರ ಹಾಕಿ ಏರೋದೇ ಕಷ್ಟ, ಅದನ್ನು ತಪ್ಪಿಸಬೇಕು. ಎಂಪಿವಿಯಲ್ಲಿ ಇದು ಸಾಮಾನ್ಯವಾಗಿ ಹೊಂದುತ್ತೆ. ಎಸ್‌ಯುವಿಯೇ ತಗೊಂಡರೆ ಸೈಡ್ ಸ್ಟೆಪ್ ಹಾಕಿಸಬೇಕಾಗುತ್ತೆ. ಪಾದ ಪೂರ್ತಿ ಊರುವಷ್ಟು, ಕಡೇಪಕ್ಷ 15 ಸೆಂ.ಮೀ. ಅಗಲದ್ದು ನೋಡಿ, ದುಂಡನೆಯ ಕೊಳವೆ ಮಾದರಿಯದ್ದು ಮಳೇಲಿ ಜಾರುತ್ತೆ. ಬಾಗಿಲ ಪಕ್ಕದ ಕಂಬದಲ್ಲಿ ಕೈಹಿಡಿ ಇದೆಯಾ ಅಂತಲೂ ನೋಡಿ. ಸೀರೆ ಉಟ್ಟು ಬಂದೇ ಪರೀಕ್ಷೆ ಮಾಡಲಿ, ಚೂಡಿದಾರದಲ್ಲಿ ಹತ್ತಿದ್ದು ಲೆಕ್ಕಕ್ಕೆ ಬರಲ್ಲ.

ಚೈಲ್ಡ್ ಸೀಟನ್ನು ಗಾಡಿಗೆ ಸಿಕ್ಕಿಸೋ ಐಸೋಫಿಕ್ಸ್ ಕೊಂಡಿ ನಡುಸಾಲಿನ ಎರಡು ಅಂಚಿನಲ್ಲಿ ಇರುತ್ತೆ. ಇಲ್ಲೊಂದು ತೊಡಕಿದೆ. ಚೈಲ್ಡ್ ಸೀಟ್ ಕಟ್ಟಿದ ಸೀಟನ್ನು ಮಡಚಿ ಮುಂದಕ್ಕೆ ಉರುಳಿಸೋಕಾಗಲ್ಲ. ಮೂರನೇ ಸಾಲಿಗೆ ಹೋಗೋ ದಾರಿ ಎಡಗಡೆಯ ಸೀಟನ್ನು ಮಡಚಿಯೇ ಅಂದರೆ, ಚೈಲ್ಡ್ ಸೀಟ್ ಬಲಗಡೆ, ಡ್ರೈವರ್ ಹಿಂದೆ ಬರಬೇಕು. ಆಗ ಮಗುವನ್ನು ಟ್ರಾಫಿಕ್ ಕಡೆಯ ಬಾಗಿಲಿಂದ ಇಳಿಸಬೇಡಿ. ದೊಡ್ಡವರೊಬ್ಬರು ಎಡಬಾಗಿಲಿಂದ ಒಳಗೆ ಹೋಗಿ ಬಿಚ್ಚಿ ಎತ್ತಿಕೊಳ್ಳಲಿ.

ವಾಂತಿ ಆಗೋ ಹುಡುಗನಿಗೆ ಬೆಂಚಿನ ನಡುಸೀಟೇ ಒಳ್ಳೇದು, ಮುಂದಿನ ಗಾಜಲ್ಲಿ ರಸ್ತೆ ಕಾಣುತ್ತೆ. ತಿರುವು ಬರೋದನ್ನು ಕಣ್ಣು ಮೊದಲೇ ನೋಡಿದರೆ ಹೊಟ್ಟೆ ತೊಳೆಸೋದು ಕಡಿಮೆ. ಮೂರನೇ ಸಾಲಲ್ಲಿ ಇದಕ್ಕೆ ಪೂರ್ತಿ ವಿರುದ್ಧ: ಕಣ್ಣೆದುರು ಸೀಟಿನ ಬೆನ್ನು, ತೆಗೆಯೋಕಾಗದ ಕಿಟಕಿ, ಹಿಂದಿನ ಆಕ್ಸಲ್ ಮೇಲೆಯೇ ಕೂತಿರೋದರಿಂದ ಪ್ರತಿ ಹಂಪಿನ ಏಟು ನೇರ ಮೈಗೆ. ಘಾಟಿಯಲ್ಲಿ ಅವನ ಕೈಗೆ ಮೊಬೈಲ್ ಬೇಡ. ಒಟ್ಟಿನಲ್ಲಿ ಮುಂದೆ ಅಪ್ಪ, ನಡುವೆ ಎಡಕ್ಕೆ ಅಮ್ಮ, ಮಧ್ಯೆ ಹುಡುಗ, ಬಲಕ್ಕೆ ಚೈಲ್ಡ್ ಸೀಟ್, ಹಿಂದೆ ನಿಮ್ಮಲ್ಲಿ ಓಡಿಸದೆ ಇರೋರು. ಅಂದರೆ ಪ್ರತಿ ಸಲವೂ ಹಿಂದೆ ಕೂರೋದು ದೊಡ್ಡವರೇ, ಹುಬ್ಬಳ್ಳಿಯವರು ಹೇಳಿದ ಸಣ್ಣ ಕಾಲಿನ ಲೆಕ್ಕ ನಿಮಗೆ ಹೊಂದಲ್ಲ. ಹಿಂದಿನವರು ಒಳಗೆ ಹೋಗೋತನಕ ಅಮ್ಮ ಹತ್ತಬಾರದು, ಆ ಕ್ರಮ ಇಟ್ಟುಕೊಳ್ಳಿ.

ಬ್ರೋಷರಲ್ಲಿ ಏರ್‌ಬ್ಯಾಗ್ ಎಷ್ಟು ಅಂತ ಎಣಿಸಿದರೆ ಸಾಲದು. ಕಿಟಕಿ ಪಕ್ಕ ಪರದೆ ಥರ ಇಳಿಯೋ ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನವರೆಗೆ ಬರುತ್ತಾ ಅಂತ ಬಾಯಿಬಿಟ್ಟು ಕೇಳಿ. ಮೂರನೇ ಸಾಲಿನ ಹಿಂದೆ ಪೇರಿಸಿದ ಲಗೇಜು ಸೀಟಿನ ಬೆನ್ನಿನ ಎತ್ತರ ದಾಟಬಾರದು. ಜೋರಾಗಿ ಬ್ರೇಕ್ ಹಾಕಿದರೆ ಮೇಲಿನ ಬ್ಯಾಗು ಹಿಂದೆ ಕೂತವರ ಕತ್ತಿಗೇ ಬರುತ್ತೆ. ಅರ್ಧ ಮಡಚಿದ ಕಡೆ ಮೇಲೆ ಬಲೆ ಕಟ್ಟಿ.

ನ್ಯೂಜೆರ್ಸಿ ಕನ್ನಡಿಗ

ಒಂದು ಸಣ್ಣ ಸೇರ್ಪಡೆ. ಅಮೆರಿಕದ ಮಿನಿವ್ಯಾನ್ ವಿಡಿಯೋ ನೋಡಿ, ಎಂಪಿವಿ ಅಂದರೆ ಡಿಕ್ಕಿ ದೊಡ್ಡದು ಅಂತ ಅಂದುಕೊಳ್ಳಬೇಡಿ. ಇಲ್ಲಿನ ಟೊಯೊಟಾ ಸಿಯೆನಾ ಮಿನಿವ್ಯಾನ್ 5.17 ಮೀಟರ್ ಉದ್ದ, ಮೂರನೇ ಸಾಲಿನ ಹಿಂದೆಯೇ 33.5 ಘನ ಅಡಿ, ಅಂದರೆ ಸುಮಾರು 950 ಲೀಟರ್ ಜಾಗ. ಸೀಟಿನ ಹಿಂದೆ ನೆಲದಲ್ಲೇ ಆಳದ ಗುಂಡಿ ಇರುತ್ತೆ, ಬೇಡವಾದಾಗ ಸೀಟು ಅದರೊಳಗೆ ಮಡಚಿ ಕೂರುತ್ತೆ. ಪಕ್ಕಕ್ಕೆ ಸರಿಯೋ ಬಾಗಿಲು ಇರೋದರಿಂದ ಇಕ್ಕಟ್ಟಿನ ಪಾರ್ಕಿಂಗಲ್ಲೂ ಮಕ್ಕಳನ್ನು ಇಳಿಸಬಹುದು. ಭಾರತದಲ್ಲಿ ಆ ಅಳತೆಯದ್ದು ಅಂದರೆ ಕಿಯಾ ಕಾರ್ನಿವಲ್, ಅದು ನಿಮ್ಮ ಬಜೆಟ್ಟಿಂದ ಬಹಳ ಮೇಲಿದೆ. ಹೈಕ್ರಾಸ್ 4.75 ಮೀಟರ್, ಬಾಗಿಲು ಮಾಮೂಲಿನದು. ಹಾಗಾಗಿ ಬೆಂಚ್ ಸೀಟಿನ ಸಲಹೆ ನಿಮಗೆ ನಿಜಕ್ಕೂ ಮುಖ್ಯ.

ಲೆಕ್ಕದ ಪುಸ್ತಕ

ದುಡ್ಡಿನ ಕಡೆ ಸ್ವಲ್ಪ ನೋಡೋಣ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ 10ರಿಂದ 20 ಲಕ್ಷದ ಕಾರಿಗೆ ಶೇ. 17, ಅದಕ್ಕಿಂತ ಮೇಲೆ ಶೇ. 18. ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ಅಂದರೆ 20 ಲಕ್ಷ ದಾಟಿದ ಗಾಡಿಗೆ ಹೆಚ್ಚುಕಮ್ಮಿ ಐದನೇ ಒಂದು ಭಾಗ ತೆರಿಗೆಗೇ. ಎಕ್ಸ್‌ಶೋರೂಮ್ 28 ಲಕ್ಷವಾದರೆ ತೆರಿಗೆ 5.6 ಲಕ್ಷ, ಅದಕ್ಕೆ ಇನ್ಶೂರೆನ್ಸ್ ಸೇರಿಸಿ. ನಿಮ್ಮ 35 ಲಕ್ಷದ ಮಿತಿ ಅಲ್ಲಿಗೆ ಮುಟ್ಟಿತು. ಬಿಲ್ಲಿನಲ್ಲಿ ಕಾಣುವ ಶೇ. 1 ಟಿಸಿಎಸ್ (ಮಾರುವವರು ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಅನ್ನು ಮಾತ್ರ ಐಟಿ ರಿಟರ್ನ್ಸ್‌ನಲ್ಲಿ ವಾಪಸ್ ಪಡೆಯಬಹುದು. ಟೋಲ್‌ನಲ್ಲಿ ಎಂಪಿವಿಗೂ ಎಸ್‌ಯುವಿಗೂ ವ್ಯತ್ಯಾಸವಿಲ್ಲ, ಎರಡೂ ಕಾರ್–ಜೀಪ್–ವ್ಯಾನ್ ದರ್ಜೆಯೇ.

ಎಂಜಿನ್ ಆರಿಸುವಾಗ ಪ್ರವಾಸದ ದಿನಗಳನ್ನಷ್ಟೇ ನೋಡಬೇಡಿ, ಉಳಿದ ದಿನ ಏನು ಮಾಡ್ತೀರಿ ನೋಡಿ. ಬೆಂಗಳೂರಿನ ಟ್ರಾಫಿಕ್ಕಲ್ಲಿ ದಿನಾ 5–6 ಕಿ.ಮೀ. ಮಾತ್ರ ಓಡುವ ಬಿಎಸ್6 ಡೀಸೆಲ್‌ನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಮಸಿ ಕಟ್ಟಿಕೊಳ್ಳುತ್ತದೆ. ಆ ಮಸಿ ಸುಟ್ಟುಹೋಗಲು ಒಂದೇ ವೇಗದಲ್ಲಿ 20–30 ನಿಮಿಷದ ಹೈವೇ ಓಟ ಬೇಕು. ಡಿಇಎಫ್ (ಹೊಗೆ ಶುದ್ಧ ಮಾಡುವ) ದ್ರವ ಬೇಡುವ ಡೀಸೆಲ್ ಆದರೆ ಆ ದ್ರವ ಖಾಲಿಯಾಗದಂತೆ ನೋಡಿಕೊಳ್ಳಿ, ಪೂರ್ತಿ ಮುಗಿದರೆ ಎಂಜಿನ್ ಮತ್ತೆ ಸ್ಟಾರ್ಟ್ ಆಗದು. ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರ್ ಇರುವ ಹೈಬ್ರಿಡ್‌ಗೆ ನಿಂತು ನಿಂತು ಸಾಗುವ ಟ್ರಾಫಿಕ್ಕೇ ಅನುಕೂಲ. ಆದರೆ ಉದ್ದ ಇಳಿಜಾರಿನಲ್ಲಿ ಬ್ಯಾಟರಿ ತುಂಬಿದ ಮೇಲೆ ಮೋಟಾರಿನ ಹಿಡಿತ ಕಡಿಮೆಯಾಗಿ ಕೆಲಸ ಎಂಜಿನ್ ಮೇಲೆ ಬೀಳುತ್ತದೆ. ಆಗ ಎಂಜಿನ್ ಜೋರಾಗಿ ಕೂಗಿದರೆ ಗಾಬರಿ ಬೇಡ. ಯಾವ ಗಾಡಿಯಾದರೂ ಹತ್ತಿದ ಗೇರಿನಲ್ಲೇ ಇಳಿಸಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಬ್ರೇಕ್ ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ತಣಿಯಲು ಬಿಡಿ.

ಅಪಾರ್ಟ್‌ಮೆಂಟ್ ಪಾರ್ಕಿಂಗ್ ಅಳೆಯುವುದನ್ನು ಮರೆಯಬೇಡಿ. ಸಫಾರಿ 1922 ಮಿ.ಮೀ. ಅಗಲ, ಎಕ್ಸ್‌ಯುವಿ 700 1890, ಹೈಕ್ರಾಸ್ 1850. ಕನ್ನಡಿ ಇದರ ಹೊರಗೆ. ಎರಡು ಕಂಬದ ನಡುವಿನ ಜಾಗವಾದರೆ ಅಮ್ಮ ಇಳಿಯುವ ಕಡೆ ಬಾಗಿಲು ಎಷ್ಟು ತೆರೆಯುತ್ತದೆ ನೋಡಿ.

ಕರಾವಳಿ ದಾರಿ

8 ಸೀಟಿನ ಹೈಕ್ರಾಸ್ ವಿಎಕ್ಸ್ ಹೈಬ್ರಿಡ್ ಕಡೆ ಮನಸ್ಸು ವಾಲಿದೆ. ಬುಕ್ ಮಾಡೋ ಮುಂಚೆ ಇನ್ನೇನು ಪರೀಕ್ಷೆ ಮಾಡಬೇಕು?

ಮೂರನೇ ಸಾಲು

ಶೋರೂಮಿನ 10 ನಿಮಿಷದ ಟೆಸ್ಟ್ ಡ್ರೈವ್ ನಂಬಬೇಡಿ. ಸೆಲ್ಫ್ ಡ್ರೈವ್ ಬಾಡಿಗೆಗೆ ಒಂದು ಹೈಕ್ರಾಸ್, ಒಂದು ಎಕ್ಸ್‌ಯುವಿ ಬೇರೆ ಬೇರೆ ವಾರಾಂತ್ಯಕ್ಕೆ ತಗೊಂಡು ಎಲ್ಲರನ್ನೂ, ನಿಮ್ಮದೇ ಬ್ಯಾಗುಗಳನ್ನೂ ಹಾಕಿಕೊಂಡು ಹೋಗಿ. ಹೊರಡೋ ಮುಂಚೆ ಖಾಲಿ ಗಾಡಿಯ ಹಿಂದಿನ ಚಕ್ರದ ಮೇಲೆ ಕಮಾನಿನಿಂದ ನೆಲಕ್ಕೆ ಅಳೆಯಿರಿ, ತುಂಬಿದ ಮೇಲೆ ಮತ್ತೆ ಅಳೆಯಿರಿ. ಹೈಕ್ರಾಸ್‌ನ 185 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಅಂತರ) ಎಲ್ಲರೂ ಕೂತ ಮೇಲೆ ಎಷ್ಟು ಉಳಿಯುತ್ತೆ ಅಂತ ಆಗ ಗೊತ್ತಾಗುತ್ತೆ. ಹಳ್ಳಿ ಹಂಪುಗಳನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿದರೆ ತಳ ಉಜ್ಜೋದು ತಪ್ಪುತ್ತೆ.

ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಲ್ಲಿ ತುಂಬಿದ ಗಾಡಿಗೆ ಗಾಳಿ ಎಷ್ಟು ಅಂತ ಬೇರೆ ಕೊಟ್ಟಿದ್ದರೆ ಅದನ್ನೇ ಹಿಡಿಸಿ, ಟೈರ್ ತಣ್ಣಗಿರುವಾಗ. ಹಿಂದೆ ಭಾರ ಬಿದ್ದರೆ ಮೂತಿ ಮೇಲೇಳುತ್ತೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತೆ. ಲೆವೆಲಿಂಗ್ ಗುಂಡಿಯಿಂದ ಬೆಳಕು ತಗ್ಗಿಸಿಕೊಳ್ಳಿ. ಭಾರದ ಮಿತಿಯನ್ನೂ ನೋಡಿ: ಒಟ್ಟು ತೂಕದಿಂದ ಖಾಲಿ ತೂಕ ಕಳೆದರೆ ಬರೋದು ಜನ, ಲಗೇಜು ಎಲ್ಲಕ್ಕೂ ಸೇರಿ. 65 ಕೆ.ಜಿ. ಲೆಕ್ಕದಲ್ಲಿ 7 ದೊಡ್ಡವರೇ 455 ಕೆ.ಜಿ. ಆಗ್ತಾರೆ, ಆಮೇಲೆ ಚಾವಣಿ ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ ಹೇರೋ ಯೋಚನೆ ಬೇಡ. ಚಾವಣಿಗೆ ಹಗುರದ ಹಾಸಿಗೆ, ಬಟ್ಟೆ ಮಾತ್ರ.

ಕೊನೆಗೆ ಸ್ಟೆಪ್ನಿ. ಈ ಗಾಡಿಗಳಲ್ಲಿ ಅದು ಬಾಡಿ ಕೆಳಗೆ ತೂಗಿರುತ್ತೆ. ಡೆಲಿವರಿ ದಿನವೇ ಅದನ್ನು ಇಳಿಸಿ ಏರಿಸೋದನ್ನು ನಿಮ್ಮ ಕೈಯಲ್ಲೇ ಮಾಡಿಸಿಕೊಳ್ಳಿ, ತಿರುಗಿಸೋ ಸಲಾಕೆ ಎಲ್ಲಿದೆ, ಅದಕ್ಕೆ ಡಿಕ್ಕಿಯ ಲಗೇಜು ತೆಗೆಯಬೇಕಾ ಅಂತ ನೋಡಿಕೊಳ್ಳಿ. ಮಳೆಗಾಲದ ಕೆಸರು ಸೇರಿ ಸರಪಳಿ ತುಕ್ಕು ಹಿಡಿದರೆ ರಾತ್ರಿ ಘಾಟಿಯಲ್ಲಿ ಅದು ಕೆಳಗಿಳಿಯೋದಿಲ್ಲ. 6 ತಿಂಗಳಿಗೊಮ್ಮೆ ಇಳಿಸಿ, ತೊಳೆದು, ಸರಪಳಿಗೆ ಗ್ರೀಸ್ ಹಚ್ಚಿ, ಗಾಳಿ ನೋಡಿ ಏರಿಸಿ. ಜಾಕಿ ಮತ್ತು ಪಾನಾ ಸೀಟಿನಡಿ ಇದ್ದರೆ ಅದರ ಮೇಲೆ ಲಗೇಜು ಪೇರಿಸಬೇಡಿ.